ಹನ್ನೊಂದಕ್ಕೆ ನಿಲ್ಸು

ಅಪ್ಪನ ಶುಗರ್ ರಿಪೋರ್ಟು ಒಯ್ಯಲು ಬಂದ ಜಬೀವುಲ್ಲಾ
ಹೋದ ತಿಂಗಳ ರಿಪೋರ್ಟಿನ ಬೆನ್ನಿಗೆ ಪಟ್ಟಿ ಬರೆದು ಕೊಟ್ಟ.
ಊಟಕ್ಕೆ ಮುಂಚೆ ನೂರ ತೊಂಬತ್ತು, ಉಂಡ ಮೇಲೆ ಇನ್ನೂರ ಎಂಬತ್ತು;
ತಿರುವಿದರೆ ಥಾಯ್ಲೆಂಡಿನ ನಾಲ್ಕು ಸೀರಿಯಲ್ಲು.

ಹುಡುಗ ಹುಡುಗನ್ನ ಇಷ್ಟಪಡೋ ಕತೆ, ತಿಪ್ಪೇಶಿ,
ನೈಟ್ ಡ್ಯೂಟಿಗೆ ಚಲೋ ಐತಿ, ನೋಡು ಅಂದ,
ಮಂಡಕ್ಕಿಗೆ ಉಪ್ಪು ಸರಿ ಐತಾ ನೋಡು ಅನ್ನುವ ದನಿಯಲ್ಲೇ.
ನಾನು ತಲೆ ಎತ್ತಲಿಲ್ಲ. ಟ್ಯೂಬಿಗೆ ಚೀಟಿ ಅಂಟಿಸುತ್ತಿದ್ದೆ.
ಒಂದೇ ಟ್ಯೂಬಿಗೆ ಎರಡು ಅಂಟಿಸಿದೆ.

ಮೊದಲನೆಯದು 'ಹಳದಿ ದೋಣಿ'.
ಅದರಲ್ಲಿ ಎಂಜಿನಿಯರಿಂಗ್ ಓದುವ ಯಾರೂ
ಒಂದು ಪುಸ್ತಕವನ್ನೂ ಬಿಚ್ಚುವುದಿಲ್ಲ.
ಅಳುವ ಮುಂಚೆ ಒಬ್ಬ ಮುಖಕ್ಕೆ ಯಾವುದೋ ಕ್ರೀಮು ಹಚ್ಚಿ
ಅದರ ಗುಣಗಾನ ಮಾಡುತ್ತಾನೆ.
ನಗಬ್ಯಾಡ, ಅಂದಿದ್ದ ಜಬಿ, ಆ ದುಡ್ಡಿಂದಾನೇ ದೋಣಿ ತೇಲೋದು.
ಜಗಳವಾದರೆ ಮಳೆ, ಒಂದಾದರೆ ಸಮುದ್ರ.
ದಾವಣಗೆರೆಗೆ ಎಲ್ಲಿಯ ಸಮುದ್ರ?
ಭದ್ರಾ ನಾಲೆಗೆ ನೀರು ಬಿಟ್ಟರೆ
ಅದೇ ಪೇಪರಿನ ಮುಖಪುಟ.

ಎರಡನೆಯದು ಛತ್ರಿ ರಿಪೇರಿಯವನದು. ಬಲು ನಿಧಾನ,
ಒಂದು ಕಡ್ಡಿ ಜೋಡಿಸಲು ಇಡೀ ಕಂತು.
ಕೆಳಗೆ ಓಡುವ ಇಂಗ್ಲಿಷ್ ಸಾಲು ಕಣ್ಣಿಗೆ ದಕ್ಕದೆ
ನಿಲ್ಲಿಸಿ ನಿಲ್ಲಿಸಿ ಓದುವಾಗ
ಇಬ್ಬರೂ ಬಾಯಿ ತೆರೆದು ನಿಂತಿರುತ್ತಿದ್ದರು,
ನಾನೇ ಏನೋ ಹೇಳಬೇಕಿತ್ತು ಎಂಬಂತೆ.
ಅತ್ತ ಮಷೀನು ಯಾರದೋ ರಕ್ತವನ್ನು ಗಿರ್ರನೆ ತಿರುಗಿಸಿ
ಕೆಂಪು ಬೇರೆ, ತಿಳಿ ಬೇರೆ ಮಾಡುತ್ತಿತ್ತು.
ಡೇಟಾ ಮುಗಿದ ರಾತ್ರಿ ಸಿಸ್ಟರ್ ಪುಟ್ಟಲಿಂಗಮ್ಮ ಹಾಟ್‌ಸ್ಪಾಟ್ ಕೊಟ್ಟರು.
ಕ್ರಿಕೆಟ್ಟಾ?
ಹೂಂ, ಕ್ರಿಕೆಟ್ಟು.

ಮೂರನೆಯದಕ್ಕೆ ಹೆಸರು ಬರೆದು ಕಾಟು ಹೊಡೆದಿದ್ದ.
ಬ್ಯಾಡ ಅಂದ್ರೂ ಬಿಡದವನ್ನ ಅದರಾಗೆ ಹೀರೋ ಅಂತಾರೆ,
ಕೊನಿಗೆ ಅದನ್ನೇ ಪ್ರೀತಿ ಅಂತ ಕರೀತಾರೆ. ನೋಡಬ್ಯಾಡ.
ಪೆನ್ನು ಒತ್ತಿದ ಜೋರಿಗೆ
ಆ ಬದಿಯ ಇನ್ನೂರ ಎಂಬತ್ತೂ ಹರಿದಿತ್ತು.

ಅವರು ಮಾತಿನ ಕೊನೆಗೆ 'ಕ್ರಪ್' ಅನ್ನುತ್ತಾರೆ, ಮರ್ಯಾದೆಗೆ.
ಹಲ್ಲಿಗೆ ಸಿಕ್ಕ ಗರಿ ಮಂಡಕ್ಕಿಯ ಸದ್ದು ಅದು.
ಒಂದು ದಿನ ರಿಜಿಸ್ಟರು ಮುಂದೆ ತಳ್ಳಿ ಅಂದೇಬಿಟ್ಟೆ:
ಸಹಿ ಹಾಕು, ಕ್ರಪ್.
ಅವನು ನಕ್ಕ ನಗೆಗೆ ಕ್ಯೂನಲ್ಲಿದ್ದ ಮೂವರು ತಿರುಗಿ ನೋಡಿದರು.

ಮತ್ತೆ ಅವರು ಮುದ್ದಿಡುವ ರೀತಿ.
ತುಟಿಯಲ್ಲ. ಕೆನ್ನೆಗೆ ಮೂಗು ಹಚ್ಚಿ
ಒಂದು ಉಸಿರು ಒಳಗೆ ಎಳೆದುಕೊಳ್ಳುತ್ತಾರೆ, ಅಷ್ಟೆ,
ನಮ್ಮಜ್ಜಿ ಕೂಸಿನ ನೆತ್ತಿ ಮೂಸುತ್ತಿದ್ದಂತೆ.
ಅಂದಿನಿಂದ ಕೌಂಟರಿನ ಕಿಂಡಿಗೆ ಜಬಿ ಬಗ್ಗಿದರೆ
ಸ್ಪಿರಿಟ್ಟಿನ ಘಾಟನ್ನು ಸೀಳಿಕೊಂಡು ಬರುತ್ತದೆ
ಕಾದ ಮರಳು, ಹೊಟ್ಟಿನ ಹೊಗೆ, ಉಪ್ಪುನೀರು ಕುಡಿದ ಅಕ್ಕಿ.
ನಾನು ಉಸಿರಾಡುತ್ತೇನೆ.
ಉಸಿರಾಡುವುದಕ್ಕೆ ಯಾರ ಅಪ್ಪಣೆ?

ಕೊನೆಯದು 'ಮೂರನೇ ಮಹಡಿಯ ಬಟ್ಟೆ ಹಗ್ಗ'.
ಹನ್ನೆರಡು ಕಂತು. ಪಕ್ಕದಲ್ಲಿ ಸಣ್ಣಗೆ:
ಹನ್ನೊಂದಕ್ಕೆ ನಿಲ್ಸು.
ಹನ್ನೊಂದರ ಕೊನೆಗೆ ಒದ್ದೆ ಅಂಗಿಗಳ ನಡುವೆ ಕೂತು
ಒಂದೇ ತಟ್ಟೆಯಲ್ಲಿ ಅನ್ನ ಉಣ್ಣುತ್ತಾರೆ. ಗಾಳಿ. ಅಷ್ಟೆ.
ನಿಲ್ಲಿಸಿದೆ. ಇಪ್ಪತ್ತು ದಿನ ನಿಲ್ಲಿಸಿಕೊಂಡೇ ಇದ್ದೆ.

ನಿನ್ನೆ ರಾತ್ರಿ ಹನ್ನೆರಡನೆಯದು ನೋಡಿದೆ.
ಒಬ್ಬನ ಮದುವೆ. ಪಂಕ್ತಿಯಲ್ಲಿ ಬಡಿಸುತ್ತಿರುವವನು ಇನ್ನೊಬ್ಬ.
ಹಗ್ಗದ ಮೇಲೆ ಬರೀ ಕ್ಲಿಪ್ಪುಗಳು.

ಚಹಾ ಕುಡಿದು ಬರ್ತೀನಿ ಅಂತ ಹೇಳಿ
ನಾಲ್ಕಕ್ಕೆ ಬಾಷಾ ನಗರದ ಭಟ್ಟಿ ಸಾಲಿಗೆ ಗಾಡಿ ಬಿಟ್ಟೆ.
ಬಾಣಲೆಯ ಮುಂದೆ ಜಬಿ, ಹುಬ್ಬಿನ ತನಕ ಮಸಿ.
ಮರಳಿಗೆ ಅಕ್ಕಿ ಬಿದ್ದ ಗಳಿಗೆ
ಬೆಳ್ಳಗೆ ಎದ್ದು ನಿಲ್ಲುತ್ತಿತ್ತು.
ಹನ್ನೆರಡೂ ನೋಡಿದೆ, ಅಂದೆ.
ಜರಡಿ ನಿಂತಿತು.
ಅವನು ಮಾತಾಡಲಿಲ್ಲ. ಬೊಗಸೆ ತುಂಬಿ
ನನ್ನ ಬಿಳಿ ಕೋಟಿನ ಜೇಬಿಗೆ ಸುರಿದ,
ಅದು ತುಂಬಿದ ಮೇಲೆ ಇನ್ನೊಂದಕ್ಕೆ.
ತೊಡೆಗೆ ಬಿಸಿ ತಾಗುತ್ತಿತ್ತು.

ಕೌನ್ ಹೈ ರೇ? ಚೀಲ ಹೊಲಿಯುತ್ತಿದ್ದ ಅವನಪ್ಪ
ಹೊಗೆಯ ಆಚೆಯಿಂದ ಕೇಳಿದರು.
ಲ್ಯಾಬಿನವರು, ಅಂದ ಜಬಿ.
ಎಷ್ಟೈತಪಾ ಶುಗರು ಈ ಸಲ?
ಜೇಬಿನೊಳಗೆ ಕೈ ಇಟ್ಟುಕೊಂಡೇ
ಕಮ್ಮಿ ಆಗಿಲ್ಲ, ಅಂದೆ.